ಶ್ರುತಿ ಬದಲಿಸಿದ ಪುಟ್ಟ ದೇಶ



ರೇಡಿಯೋದವರ ಬಾಯಲ್ಲಿ 'ಫ್ರೀಕ್ವೆನ್ಸಿ' ಎಂಬ ಮಾತು ನಿಮಗೆ ಹೊಸದಲ್ಲ. ಇಂತಿಷ್ಟು ಮೆಗಾಹರ್ಟ್ಜ್‌ನಲ್ಲಿ ನೀವು ಕೇಳುತ್ತಿದ್ದೀರಿ ಅಂತ ದಿನಕ್ಕೆ ಹತ್ತು ಸಲವಾದರೂ ಹೇಳುತ್ತೇವೆ. ಈ ಸಲ ಬೇರೊಂದು ಫ್ರೀಕ್ವೆನ್ಸಿಯ ವಿಷಯ. ಅದು ನಿಮ್ಮ ಮನೆಯ ಗೋಡೆಯ ಪ್ಲಗ್ಗಿನೊಳಗೇ ಇದೆ. ನೀವು ಪುಣೆಯಲ್ಲಿರಿ, ಚೆನ್ನೈಯಲ್ಲಿರಿ, ದೆಹಲಿಯಲ್ಲಿರಿ, ಅದು 50 ಹರ್ಟ್ಜ್. ಯಾರೂ ಅದನ್ನು ಅನೌನ್ಸ್ ಮಾಡುವುದಿಲ್ಲ, ನಾವ್ಯಾರೂ ಕೇಳುವುದೂ ಇಲ್ಲ. ಆದರೆ ಯುರೋಪಿನ ಒಂದು ಪುಟ್ಟ ದೇಶ, ಈ ಐವತ್ತರ ಲೆಕ್ಕ ಯಾರ ಕೈಯಲ್ಲಿರಬೇಕು ಎಂಬ ಒಂದು ಪ್ರಶ್ನೆಗಾಗಿ ಎಷ್ಟೋ ವರ್ಷ ಒದ್ದಾಡಿತು. ಕೊನೆಗೆ 2025ರ ಫೆಬ್ರವರಿ 8ರ ಶನಿವಾರ ಬೆಳಿಗ್ಗೆ ಹಳೆಯ ತಂತಿಗಳನ್ನು ಕಳಚಿಕೊಂಡಿತು.

ಆ ದೇಶ ಲಿಥುವೇನಿಯಾ. ಬಾಲ್ಟಿಕ್ ಸಮುದ್ರದ ದಂಡೆಯ ಮೂರು ದೇಶಗಳಲ್ಲಿ ತೆಂಕಣದ್ದು. ಅದರ ಮೇಲೆ ಲಾಟ್ವಿಯಾ, ಅದರ ಮೇಲೆ ಎಸ್ಟೋನಿಯಾ. ಮೂರೂ ಒಟ್ಟಾಗಿಯೇ ಆ ದಿನ ಹೊರಬಂದವು. ಆದರೆ ಯುರೋಪಿನ ಕಡೆಗೆ ಹೋಗುವ ಬಾಗಿಲು ಇರುವುದು ಲಿಥುವೇನಿಯಾದಲ್ಲಿ, ಹಾಗಾಗಿ ನಾನು ಅದನ್ನೇ ಹಿಡಿದುಕೊಂಡು ಹೇಳುತ್ತೇನೆ.

ಎಷ್ಟು ಪುಟ್ಟದು ಅಂತೀರಾ? ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕದ ಸುಮಾರು ಮೂರನೇ ಒಂದು ಪಾಲು. ಜನಸಂಖ್ಯೆ 30 ಲಕ್ಷವೂ ಇಲ್ಲ. ಚಳಿಗಾಲದ ಅತಿ ಬೇಡಿಕೆಯ ಹೊತ್ತಿನಲ್ಲಿ ಇಡೀ ದೇಶಕ್ಕೆ ಬೇಕಾಗುವ ಕರೆಂಟು 2,000 ಮೆಗಾವಾಟ್ ಆಸುಪಾಸು. ನಮ್ಮ ರಾಯಚೂರು ಉಷ್ಣ ವಿದ್ಯುತ್ ಸ್ಥಾವರದ ಸ್ಥಾಪಿತ ಸಾಮರ್ಥ್ಯವೇ 1,720 ಮೆಗಾವಾಟ್ ಅನ್ನುವುದನ್ನು ನೆನಪಿಸಿಕೊಂಡರೆ ಅಳತೆ ಸಿಗುತ್ತದೆ. ಶಕ್ತಿನಗರದ ಚಿಮಣಿಗಳೆಲ್ಲ ಪೂರ್ತಿ ಉರಿದರೆ ಹೆಚ್ಚುಕಡಿಮೆ ಒಂದು ದೇಶ ನಡೆದುಹೋಗುತ್ತದೆ!

ಸರಿ, ಐವತ್ತು ಹರ್ಟ್ಜ್ ಅಂದರೇನು ಎಂಬುದನ್ನು ಮೊದಲು ನೋಡಿಬಿಡೋಣ. ಇದು ತಿಳಿಯದೆ ಮುಂದಿನದು ಬರೀ ರಾಜಕೀಯವಾಗಿ ಕಾಣುತ್ತದೆ.

ವಿದ್ಯುತ್ ಸ್ಥಾವರದಲ್ಲಿ ದೊಡ್ಡ ಯಂತ್ರ ಗರಗರ ತಿರುಗುತ್ತಿರುತ್ತದೆ. ಕರೆಂಟು ಸೆಕೆಂಡಿಗೆ 50 ಸಲ ಹಿಂದೆಮುಂದೆ ಹರಿಯುತ್ತದೆ. ಒಂದು ಜಾಲಕ್ಕೆ ಸೇರಿದ ಎಲ್ಲ ಯಂತ್ರಗಳೂ ಒಂದೇ ಲಯದಲ್ಲಿ ತಿರುಗಬೇಕು. ಡೊಳ್ಳು ಕುಣಿತ ನೋಡಿದ್ದೀರಲ್ಲ? ನಲವತ್ತು ಜನ ಬಾರಿಸಿದರೂ ಪೆಟ್ಟು ಒಂದೇ. ಒಬ್ಬ ತಪ್ಪಿದರೆ ಉಳಿದವರು ಅವನನ್ನು ಎಳೆದುಕೊಳ್ಳುತ್ತಾರೆ; ತೀರಾ ತಪ್ಪಿದರೆ ಅವನನ್ನು ಸಾಲಿನಿಂದ ಹೊರಗೆ ನಿಲ್ಲಿಸಬೇಕಾಗುತ್ತದೆ. ಹಾಗೆಯೇ ಇದೂ. ಜನ ಒಮ್ಮೆಲೇ ಗೀಸರು, ಹೀಟರು ಹಾಕಿ ಬೇಡಿಕೆ ಏರಿದರೆ ಯಂತ್ರಗಳಿಗೆ ಭಾರ ಹೆಚ್ಚಾಗಿ ಲಯ ನಿಧಾನವಾಗುತ್ತದೆ, ಐವತ್ತು ಇಳಿಯುತ್ತದೆ. ಬೇಡಿಕೆ ತಗ್ಗಿದರೆ ಏರುತ್ತದೆ. ಅರ್ಧ ಹರ್ಟ್ಜ್ ಆಚೀಚೆಯಾದರೂ ಗ್ರಿಡ್ ನೋಡಿಕೊಳ್ಳುವ ಎಂಜಿನಿಯರುಗಳ ಹಣೆ ಬೆವರುತ್ತದೆ. ಇನ್ನೂ ಕುಸಿದರೆ ಯಂತ್ರಗಳು ತಮ್ಮನ್ನು ಉಳಿಸಿಕೊಳ್ಳಲು ತಾವೇ ಕಳಚಿಕೊಳ್ಳುತ್ತವೆ. ಆಮೇಲೆ ಕತ್ತಲೆ.

ಹಾಗಾದರೆ ಯಾರೋ ಒಬ್ಬರು ತಾಳ ಹಿಡಿದುಕೊಂಡು ಕೂತಿರಲೇಬೇಕು. ಲಿಥುವೇನಿಯಾದ ಮಟ್ಟಿಗೆ ಆ ಜಾಗ ಮಾಸ್ಕೋ.

1990ರ ಮಾರ್ಚ್ 11ರಂದು ಲಿಥುವೇನಿಯಾ, ತಾನಿನ್ನು ಸೋವಿಯತ್ ಒಕ್ಕೂಟದ ಭಾಗವಲ್ಲ ಎಂದು ಘೋಷಿಸಿತು. ಮುಂದಿನ ತಿಂಗಳೇ ಮಾಸ್ಕೋ ತೈಲ ನಿಲ್ಲಿಸಿತು, ಗ್ಯಾಸ್ ಕಡಿತ ಮಾಡಿತು. ಹೆಚ್ಚುಕಡಿಮೆ ಎರಡೂವರೆ ತಿಂಗಳು ಈ ದಿಗ್ಬಂಧನ ನಡೆಯಿತು. ಕರೆಂಟಿನ ಮಟ್ಟಿಗೆ ಆಗ ಗಟ್ಟಿಯಾಗಿದ್ದರು, ಏಕೆಂದರೆ ಅವರ ನೆಲದಲ್ಲೇ ಇಗ್ನಲಿನಾ ಎಂಬ ಅಣು ವಿದ್ಯುತ್ ಸ್ಥಾವರವಿತ್ತು. ಎರಡು ಭಾರಿ ರಿಯಾಕ್ಟರುಗಳು, ಚೆರ್ನೋಬಿಲ್ ಮಾದರಿಯವು. (2019ರಲ್ಲಿ ಬಂದ 'ಚೆರ್ನೋಬಿಲ್' ಟಿ.ವಿ. ಧಾರಾವಾಹಿ ನೋಡಿದ್ದರೆ ಇಗ್ನಲಿನಾವನ್ನೂ ನೋಡಿದ್ದೀರಿ ಅಂತಲೇ ಲೆಕ್ಕ, ಸ್ಥಾವರದ ದೃಶ್ಯಗಳಲ್ಲಿ ಕೆಲವನ್ನು ಅಲ್ಲೇ ಚಿತ್ರಿಸಿದ್ದು.) ಆ ಮಾದರಿಯೇ ಅದಕ್ಕೆ ಮುಳುವಾಯಿತು. 'ಯುರೋಪಿಯನ್ ಯೂನಿಯನ್ ಸೇರಬೇಕಾದರೆ ಇದನ್ನು ಮುಚ್ಚಿ' ಎಂಬ ಷರತ್ತು ಬಂತು. 2004ರ ಡಿಸೆಂಬರ್ 31ರಂದು ಒಂದು ರಿಯಾಕ್ಟರ್, 2009ರ ಡಿಸೆಂಬರ್ 31ರಂದು ಇನ್ನೊಂದು. ದೇಶದ ವಿದ್ಯುತ್ತಿನಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಮಿಕ್ಕಿದ ಪಾಲು ಕೊಡುತ್ತಿದ್ದ ಸ್ಥಾವರ ಹೊಸ ವರ್ಷದ ಬೆಳಗಾಗುವಷ್ಟರಲ್ಲಿ ತಣ್ಣಗಾಗಿತ್ತು. ಕರೆಂಟು ಮಾರುತ್ತಿದ್ದ ದೇಶ, ತನಗೆ ಬೇಕಾದ್ದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕೊಳ್ಳುವ ದೇಶವಾಯಿತು. ಇನ್ನೊಂದು ಅಣು ಸ್ಥಾವರ ಕಟ್ಟೋಣವೆಂದು ಯೋಜನೆ ಹಾಕಿದರು. 2012ರ ಅಕ್ಟೋಬರ್‌ನಲ್ಲಿ ಜನಾಭಿಪ್ರಾಯ ಕೇಳಿದಾಗ ಬಹುಮತ ಬೇಡವೆಂದಿತು.

ಈ ನಡುವೆ ಇನ್ನೊಂದು ಪೆಟ್ಟು ಬಿದ್ದಿತ್ತು. 2006ರಲ್ಲಿ, ಸೋರಿಕೆಯಾಗಿದೆ ಎಂಬ ಕಾರಣ ಕೊಟ್ಟು ರಷ್ಯಾ ಲಿಥುವೇನಿಯಾಕ್ಕೆ ಬರುತ್ತಿದ್ದ ತೈಲದ ಕೊಳವೆಯನ್ನು ಮುಚ್ಚಿತು. ಅದು ಮತ್ತೆ ತೆರೆಯಲಿಲ್ಲ. ಒಂದೇ ಅಂಗಡಿಯಲ್ಲಿ ಸಾಲದ ಪುಸ್ತಕ ಇಟ್ಟವರ ಪಾಡು ನಮಗೆ ಗೊತ್ತಿರುವುದೇ.

ಅಂಗಡಿಯ ಮಾತು ಬಂತು, ಗ್ಯಾಸಿನ ಕಥೆ ಎರಡೇ ಸಾಲಿನಲ್ಲಿ ಹೇಳಿಬಿಡುತ್ತೇನೆ. ದ್ರವೀಕೃತ ಗ್ಯಾಸನ್ನು ಹಡಗಿನಿಂದ ಇಳಿಸಿಕೊಳ್ಳಲು ಕ್ಲೈಪೆಡಾ ಬಂದರಿಗೆ 2014ರಲ್ಲಿ ಒಂದು ತೇಲುವ ಟರ್ಮಿನಲ್ ತರಿಸಿದರು, ಅದಕ್ಕೆ 'ಇಂಡಿಪೆಂಡೆನ್ಸ್' ಎಂದೇ ಹೆಸರು. ಆ ಹಡಗು ಬಂದರಿಗೆ ಬರುವ ಮೊದಲೇ ರಷ್ಯಾದ ಗ್ಯಾಜ್‌ಪ್ರಾಮ್ ಕಂಪನಿ ದರ ಇಳಿಸಿತು. ಬೀದಿಯಲ್ಲಿ ಎರಡನೆಯ ಅಂಗಡಿ ತೆರೆಯುತ್ತದೆ ಎಂಬ ಸುದ್ದಿಗೇ ಮೊದಲನೆಯವನು ಸರಿಹೋಗುತ್ತಾನೆ.

ಕರೆಂಟಿನಲ್ಲೂ ಅದೇ ದಾರಿ ಹಿಡಿದರು. 2006ರ ಕೊನೆಗೆ ಎಸ್ಟೋನಿಯಾದಿಂದ ಫಿನ್ಲೆಂಡಿಗೆ ಸಮುದ್ರದಡಿಯಲ್ಲಿ 350 ಮೆಗಾವಾಟಿನ ಮೊದಲ ಕೇಬಲ್, 2014ರಲ್ಲಿ 650ರ ಎರಡನೆಯದು. ಆಮೇಲೆ ಲಿಥುವೇನಿಯಾದ್ದೇ ಎರಡು. ಸ್ವೀಡನ್ನಿನಿಂದ ಕ್ಲೈಪೆಡಾಕ್ಕೆ ಸುಮಾರು 450 ಕಿ.ಮೀ. ಉದ್ದದ 700 ಮೆಗಾವಾಟಿನ 'ನಾರ್ಡ್‌ಬಾಲ್ಟ್'. ಪೋಲೆಂಡಿನಿಂದ ಅಲಿಟುಸ್ ಊರಿಗೆ ನೆಲದ ಮೇಲೆ 500 ಮೆಗಾವಾಟಿನ 'ಲಿಟ್‌ಪೋಲ್ ಲಿಂಕ್'. ಎರಡೂ ಸಿದ್ಧವಾದದ್ದು 2015ರ ಕೊನೆ, 2016ರ ಆರಂಭದಲ್ಲಿ. ನಾರ್ಡ್‌ಬಾಲ್ಟ್ ಕೇಬಲ್ ಹಾಸುವಾಗ ರಷ್ಯಾದ ನೌಕಾಪಡೆಯ ಹಡಗುಗಳು ಬಂದು ಅಡ್ಡಿಪಡಿಸಿದವು ಎಂದು 2015ರಲ್ಲಿ ಲಿಥುವೇನಿಯಾ ಪದೇ ಪದೇ ಪ್ರತಿಭಟಿಸಿತ್ತು.

ಇಷ್ಟೆಲ್ಲ ಕೇಬಲ್ ಬಂದ ಮೇಲೆ ಸಮಸ್ಯೆ ಮುಗಿಯಿತಲ್ಲ ಅಂತ ನಿಮಗೆ ಅನಿಸಬಹುದು. ಮುಗಿಯಲಿಲ್ಲ. ಇಡೀ ವಿಷಯದಲ್ಲಿ ನನಗೆ ಅತ್ಯಂತ ಕುತೂಹಲ ಹುಟ್ಟಿಸಿದ್ದು ಈ ಭಾಗವೇ, ಸ್ವಲ್ಪ ನಿಧಾನವಾಗಿ ಓದಿ.

ಎರಡು ವಿದ್ಯುತ್ ಜಾಲಗಳನ್ನು ಜೋಡಿಸುವುದಕ್ಕೆ ಎರಡು ಬಗೆ. ಒಂದು, ಎ.ಸಿ. ತಂತಿಯಿಂದ ನೇರ ಜೋಡಣೆ. ಇದು ಒಂದೇ ನೊಗಕ್ಕೆ ಎರಡು ಎತ್ತು ಕಟ್ಟಿದ ಹಾಗೆ; ಇಬ್ಬರದೂ ಒಂದೇ ಹೆಜ್ಜೆ. ಇನ್ನೊಂದು, ನಡುವೆ ಡಿ.ಸಿ. ಮಾಡಿ ದಾಟಿಸುವುದು. ಈ ಕಡೆಯ ಎ.ಸಿ.ಯನ್ನು ಡಿ.ಸಿ. ಮಾಡಿ ಕಳಿಸಿ, ಆ ಕಡೆಯಲ್ಲಿ ಮತ್ತೆ ಎ.ಸಿ. ಮಾಡಿಕೊಳ್ಳುತ್ತಾರೆ. ಇದು ಅಕ್ಕಪಕ್ಕ ಹೋಗುವ ಎರಡು ಗಾಡಿಗಳ ನಡುವೆ ಮೂಟೆ ದಾಟಿಸಿದ ಹಾಗೆ. ಸರಕು ಬರುತ್ತದೆ, ಎತ್ತುಗಳ ಹೆಜ್ಜೆ ಮಾತ್ರ ಅವುಗಳದ್ದೇ.

ಫಿನ್ಲೆಂಡಿನದು, ಸ್ವೀಡನ್ನಿನದು, ಮೊದಮೊದಲಿಗೆ ಪೋಲೆಂಡಿನದೂ ಎಲ್ಲ ಡಿ.ಸಿ. ಜೋಡಣೆಗಳು. ಮೂಟೆ ಪಶ್ಚಿಮದಿಂದ ಬರುತ್ತಿತ್ತು, ನೊಗ ಮಾತ್ರ ಪೂರ್ವಕ್ಕೇ ಇತ್ತು. ಬೆಲಾರೂಸ್, ರಷ್ಯಾ ಮತ್ತು ಮೂರು ಬಾಲ್ಟಿಕ್ ದೇಶಗಳು 2001ರಲ್ಲಿ ಮಾಡಿಕೊಂಡಿದ್ದ 'ಬ್ರೆಲ್' ಎಂಬ ಒಪ್ಪಂದದ ಪ್ರಕಾರ ಲಯ ಕಾಯುವ ಕೆಲಸ ಮಾಸ್ಕೋದ್ದು. ಉಕ್ರೇನ್ ಯುದ್ಧ ಶುರುವಾದ ಮೇಲೆ, 2022ರ ಮೇ ತಿಂಗಳಲ್ಲಿ ಈ ದೇಶಗಳು ರಷ್ಯಾದಿಂದ ಕರೆಂಟು ಕೊಳ್ಳುವುದನ್ನು ನಿಲ್ಲಿಸಿದವು. ಆಮೇಲೂ ಎರಡೂವರೆ ವರ್ಷಕ್ಕೂ ಮಿಕ್ಕಿ ವಿಲ್ನಿಯಸ್ ನಗರದ ಪ್ರತಿಯೊಂದು ಬಲ್ಬು ಮಾಸ್ಕೋದ ತಾಳಕ್ಕೇ ಉರಿಯುತ್ತಿತ್ತು. ಒಂದು ಯೂನಿಟ್ಟೂ ಕೊಳ್ಳದೆ ಅವರ ಶ್ರುತಿಪೆಟ್ಟಿಗೆಗೇ ಹಾಡುವುದು ಅಂದರೆ ಇದು. ನ್ಯಾಯವಾಗಿ ಹೇಳಬೇಕಾದ ಮಾತೂ ಒಂದಿದೆ: ಮಾಸ್ಕೋ ಆ ಸ್ವಿಚ್ಚನ್ನು ಒತ್ತಲೇ ಇಲ್ಲ. ಆದರೆ ತೈಲ ನಿಂತದ್ದನ್ನು ಎರಡು ಸಲ ಕಂಡವರಿಗೆ, ಒತ್ತಲಿಲ್ಲ ಎನ್ನುವುದರಲ್ಲಿ ಎಷ್ಟು ನೆಮ್ಮದಿ ಇದ್ದೀತು?

ದೆಹಲಿಯ ಓದುಗರು ಇಲ್ಲಿ ಸ್ವಲ್ಪ ನೆನಪಿಸಿಕೊಳ್ಳಿ. 2012ರ ಜುಲೈ 30 ಮತ್ತು 31. ಉತ್ತರದ ಗ್ರಿಡ್ ಕುಸಿಯಿತು. ಮರುದಿನ ಉತ್ತರ, ಪೂರ್ವ, ಈಶಾನ್ಯ ಮೂರೂ ಒಟ್ಟಿಗೆ ಮಲಗಿದವು. ಮೆಟ್ರೋ ನಿಂತಿತು, ರೈಲು ನಿಂತಿತು. ಅದೇ ಹೊತ್ತಿನಲ್ಲಿ ಊರಿಗೆ ಫೋನ್ ಮಾಡಿದವರಿಗೆ, 'ಇಲ್ಲೇನೂ ಆಗಿಲ್ಲವಲ್ಲ' ಎಂಬ ಉತ್ತರ ಬಂದಿದ್ದರೆ ಆಶ್ಚರ್ಯವಿಲ್ಲ. ಕಾರಣ ಇದೇ. ಆಗ ದಕ್ಷಿಣದ ಗ್ರಿಡ್ ಉಳಿದ ದೇಶದ ಜತೆ ಒಂದೇ ನೊಗದಲ್ಲಿರಲಿಲ್ಲ. ಒಡಿಶಾದ ತಾಲ್ಚೇರಿನಿಂದ ನಮ್ಮ ಕೋಲಾರಕ್ಕೆ 1,300 ಕಿ.ಮೀ.ಗೂ ಉದ್ದದ ಡಿ.ಸಿ. ಲೈನು 2003ರಲ್ಲೇ ಬಂದಿತ್ತು. ಅದರಲ್ಲಿ 2,000 ಮೆಗಾವಾಟಿನ ಮೂಟೆ ದಾಟುತ್ತಿತ್ತು, ಲಯ ದಾಟುತ್ತಿರಲಿಲ್ಲ. ಹಾಗಾಗಿ ಅವರ ಕುಸಿತವೂ ದಾಟಿ ಬರಲಿಲ್ಲ.

ಆದರೂ ಮರುವರ್ಷವೇ, 2013ರ ಡಿಸೆಂಬರ್ 31ರಂದು, ರಾಯಚೂರಿನಿಂದ ಸೊಲ್ಲಾಪುರಕ್ಕೆ ಎಳೆದ 765 ಕಿಲೋವೋಲ್ಟಿನ ಎ.ಸಿ. ಲೈನಿನ ಮೂಲಕ ದಕ್ಷಿಣವನ್ನೂ ಒಂದೇ ಲಯಕ್ಕೆ ಸೇರಿಸಿದರು. ಬೇರೆಯಾಗಿದ್ದೇ ನಮ್ಮನ್ನು ಉಳಿಸಿದ್ದಾದರೆ, ಸೇರಿದ್ದೇಕೆ? ಏಕೆಂದರೆ ದಕ್ಷಿಣಕ್ಕೆ ಆಗ ಕರೆಂಟಿನ ಬರ, ಡಿ.ಸಿ. ಬಾಗಿಲುಗಳಲ್ಲಿ ಬರುವಷ್ಟು ಸಾಲುತ್ತಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ದೊಡ್ಡ ಮೇಳದಲ್ಲಿ ಒಬ್ಬ ತಪ್ಪಿದರೆ ಕೇಳಿಸುವುದಿಲ್ಲ, ಇಬ್ಬರ ಮೇಳದಲ್ಲಿ ಒಬ್ಬ ತಪ್ಪಿದರೆ ಆಟವೇ ನಿಲ್ಲುತ್ತದೆ.

ಲಿಥುವೇನಿಯಾದ ಲೆಕ್ಕಕ್ಕೆ ಇದನ್ನು ಹಚ್ಚಿ ನೋಡಿ. ಬೇಡಿಕೆ 2,000 ಮೆಗಾವಾಟ್. ಸ್ವೀಡನ್ನಿನ ಒಂದು ಕೇಬಲ್ 700. ಆ ಒಂದು ಕೇಬಲ್ ಫಟ್ಟೆಂದು ಕಳಚಿಕೊಂಡರೆ ದೇಶದ ಮೂರನೇ ಒಂದು ಪಾಲು ಕರೆಂಟು ಆ ಕ್ಷಣವೇ ಮಾಯ! ಒಂಟಿಯಾಗಿದ್ದರೆ ಅದನ್ನು ತುಂಬಲು ಅಷ್ಟೇ ದೊಡ್ಡ ಸ್ಥಾವರವೊಂದನ್ನು ಸದಾ ಉರಿಸಿಟ್ಟುಕೊಂಡಿರಬೇಕು. ಒಂದು ದಿನ ಒಂಟಿಯಾಗಿ ನಿಂತು ನೋಡಿದ್ದೂ ಉಂಟು: 2023ರ ಏಪ್ರಿಲ್ 22ರಂದು ಹತ್ತು ತಾಸಿನಷ್ಟು ಹೊತ್ತು ಲಿಥುವೇನಿಯಾ ಎಲ್ಲರಿಂದ ಬಿಡಿಸಿಕೊಂಡು ತನ್ನ ಲಯವನ್ನು ತಾನೇ ಕಾಯ್ದುಕೊಂಡಿತು. ಆಗುತ್ತದೆ ಎಂದು ಗೊತ್ತಾಯಿತು. ದಿನವೂ ಹಾಗಿರುವ ಆಸೆ ಅವರಿಗಿರಲಿಲ್ಲ, ಇರಬೇಕಾಗಿಯೂ ಇಲ್ಲ. ಅವರಿಗೆ ಬೇಕಿದ್ದದ್ದು ಬೇರೆ ಮೇಳ.

ಮೇಳ ಬದಲಿಸುವುದು ಅಂದರೆ ಸ್ವಿಚ್ ಒತ್ತಿದಷ್ಟು ಸುಲಭವಲ್ಲ. ಮೂರೂ ದೇಶಗಳ ಪ್ರಧಾನಿಗಳು 2007ರಲ್ಲೇ ಇದನ್ನು ಗುರಿಯೆಂದು ಹೇಳಿದ್ದರು. ಪೋಲೆಂಡ್ ಮತ್ತು ಯುರೋಪಿಯನ್ ಕಮಿಷನ್ ಜತೆ ಕೂತು ದಾರಿ ಗೊತ್ತುಮಾಡಿಕೊಂಡದ್ದು 2018ರಲ್ಲಿ. ಒಟ್ಟು ಖರ್ಚು 160 ಕೋಟಿ ಯೂರೋ, ಅದರಲ್ಲಿ ಮುಕ್ಕಾಲು ಪಾಲು ಯೂನಿಯನ್ನಿನದು. ಏನೇನು ಮಾಡಿದರು? ಅಲಿಟುಸ್‌ನ ಪೋಲೆಂಡ್ ಜೋಡಣೆಯನ್ನು ಡಿ.ಸಿ.ಯಿಂದ ನೇರ ಎ.ಸಿ. ನೊಗಕ್ಕೆ ಸಜ್ಜುಗೊಳಿಸಿದರು. ಮೂರು ದೇಶಗಳಲ್ಲಿ ಒಟ್ಟು ಒಂಬತ್ತು ಸಿಂಕ್ರನಸ್ ಕಂಡೆನ್ಸರುಗಳನ್ನು ನಿಲ್ಲಿಸಿದರು. ಹೆಸರು ಗಡುಸು, ಕೆಲಸ ಸರಳ: ಇವು ಕರೆಂಟು ಹುಟ್ಟಿಸುವುದಿಲ್ಲ, ಸುಮ್ಮನೆ ತಿರುಗುತ್ತಿರುವ ಭಾರಿ ತೂಕದ ಯಂತ್ರಗಳು. ಕುಂಬಾರನ ತಿಗರಿಯನ್ನು ನೆನೆಸಿಕೊಳ್ಳಿ. ಕೋಲು ತೆಗೆದ ಮೇಲೂ ತನ್ನ ತೂಕದಿಂದಲೇ ಸುತ್ತುತ್ತದಲ್ಲ? ಜಾಲಕ್ಕೆ ಧಕ್ಕೆ ಬಿದ್ದಾಗ ಈ ತೂಕ ಲಯವನ್ನು ಒಮ್ಮೆಲೇ ಬೀಳಗೊಡುವುದಿಲ್ಲ, ಕೆಲವು ಸೆಕೆಂಡುಗಳ ಬಿಡುವು ಸಿಗುತ್ತದೆ. ಗಾಳಿ, ಬಿಸಿಲುಗಳ ಕರೆಂಟು ಹೆಚ್ಚಿದಷ್ಟೂ ಇಂಥ ತೂಕ ಕಡಿಮೆಯಾಗುತ್ತದೆ, ಅದಕ್ಕೇ ಇವು ಬೇಕಾದದ್ದು. ಜತೆಗೆ ನಾಲ್ಕು ಊರುಗಳಲ್ಲಿ ಒಟ್ಟು 200 ಮೆಗಾವಾಟಿನ ಬ್ಯಾಟರಿಗಳು. ಕ್ರುವೋನಿಸ್ ಎಂಬಲ್ಲಿ 1990ರ ದಶಕದಿಂದಲೂ ಇರುವ 900 ಮೆಗಾವಾಟಿನ ಸ್ಥಾವರ ಬೇರೆ. ಬೇಡಿಕೆ ಇಲ್ಲದಾಗ ನೀರನ್ನು ಮೇಲಿನ ಕೆರೆಗೆ ಎತ್ತಿ, ಬೇಕಾದಾಗ ಕೆಳಕ್ಕೆ ಬಿಟ್ಟು ಕರೆಂಟು ಮಾಡುವ ಬಗೆ ಅದು. (ಈ ಊರುಗಳ ಹೆಸರನ್ನೆಲ್ಲ ನೇರಪ್ರಸಾರದಲ್ಲಿ ಹೇಳುವ ಪ್ರಸಂಗ ಬಾರದಿರಲಿ ಎಂದು ನನ್ನ ಪ್ರಾರ್ಥನೆ.)

ಅವಸರ ಹೆಚ್ಚಿಸಿದ್ದು ಉಕ್ರೇನ್. 2022ರ ಫೆಬ್ರವರಿ 24ರಂದು ಉಕ್ರೇನ್ ಕೂಡ ರಷ್ಯಾದ ಗ್ರಿಡ್ಡಿನಿಂದ ಬಿಡಿಸಿಕೊಂಡು ಪರೀಕ್ಷೆ ಮಾಡುತ್ತಿತ್ತು. ಶುರುವಾಗಿ ಕೆಲವೇ ತಾಸು, ದಾಳಿ ನಡೆಯಿತು. ಮರಳಿ ಹಳೆಯ ನೊಗಕ್ಕೆ ಹೋಗುವ ಮಾತೇ ಇರಲಿಲ್ಲ. ಯುದ್ಧದ ನಡುವೆ ಮೂರು ವಾರ ಒಂಟಿಯಾಗಿ ನಿಂತು, ಮಾರ್ಚ್ 16ರಂದು ಯುರೋಪಿನ ಜಾಲಕ್ಕೆ ಸೇರಿಕೊಂಡಿತು. ಇದನ್ನು ಕಂಡ ಬಾಲ್ಟಿಕ್ ದೇಶಗಳು ತಮ್ಮ ತಾರೀಕನ್ನು ಮುಂಚೆಗೆ ಎಳೆದುಕೊಂಡವು.

ಅಷ್ಟರಲ್ಲಿ ಇನ್ನೊಂದು ವಿಘ್ನ. 2024ರ ಡಿಸೆಂಬರ್ 25, ಕ್ರಿಸ್ಮಸ್ ದಿನ. ಫಿನ್ಲೆಂಡ್-ಎಸ್ಟೋನಿಯಾ ನಡುವಿನ ಆ 650 ಮೆಗಾವಾಟಿನ ಕೇಬಲ್ ತುಂಡಾಯಿತು. ರಷ್ಯಾದ ತೈಲ ಹೊತ್ತು ಹೊರಟಿದ್ದ 'ಈಗಲ್ ಎಸ್' ಎಂಬ ಹಡಗು ಲಂಗರನ್ನು ಸಮುದ್ರತಳದಲ್ಲಿ ಹತ್ತಾರು ಕಿ.ಮೀ. ಎಳೆದುಕೊಂಡು ಹೋಗಿತ್ತು ಎಂದು ಫಿನ್ಲೆಂಡಿನ ಅಧಿಕಾರಿಗಳು ಹೇಳಿದರು, ಹಡಗನ್ನು ತಡೆದರು. ಬೇಕೆಂದೇ ಮಾಡಿದ್ದೋ, ಅಜಾಗರೂಕತೆಯೋ? ವಾದ ನಡೆದೇ ನಡೆಯಿತು. ಮೇಳ ಬದಲಿಸುವ ದಿನಕ್ಕೆ ಉಳಿದದ್ದು ಆರೇಳು ವಾರ. ಮುಂದೂಡಬಹುದಿತ್ತು, ಮುಂದೂಡಲಿಲ್ಲ.

ಫೆಬ್ರವರಿ 8ರ ಬೆಳಿಗ್ಗೆ ರಷ್ಯಾ, ಬೆಲಾರೂಸ್ ಕಡೆಯ ಲೈನುಗಳನ್ನು ಒಂದಾದ ಮೇಲೊಂದರಂತೆ ಕಳಚಿದರು. ಮೊದಲು ಲಿಥುವೇನಿಯಾ. ಲಾಟ್ವಿಯಾದ ಗಡಿಯಲ್ಲಿ ತಂತಿಯನ್ನೇ ಕತ್ತರಿಸಿ ತುಂಡುಗಳನ್ನು ನೆನಪಿಗೆಂದು ಹಂಚಿದರು. ಕತ್ತಲಾಗುತ್ತದೆ, ದರ ಗಗನಕ್ಕೇರುತ್ತದೆ ಎಂಬ ಗಾಳಿಸುದ್ದಿಗಳು ಬೇಕಾದಷ್ಟು ಹಬ್ಬಿದ್ದವು. ಒಂದು ದಿನಕ್ಕೂ ಮಿಕ್ಕಿ ಮೂರೂ ದೇಶಗಳು ಯಾರ ತಾಳವೂ ಇಲ್ಲದೆ ತಮ್ಮದೇ ಲಯದಲ್ಲಿ ನಡೆದವು. ಭಾನುವಾರ, 9ನೇ ತಾರೀಕು ಮಧ್ಯಾಹ್ನ ಎರಡು ಗಂಟೆ ದಾಟಿದ ಮೇಲೆ, ಅಲಿಟುಸ್‌ನ ಜೋಡಿ ಲೈನಿನ ಮೂಲಕ ಯುರೋಪಿನ ಲಯಕ್ಕೆ ಸೇರಿದರು. ಮನೆಗಳಲ್ಲಿ ದೀಪ ಮಿಣುಕಲೂ ಇಲ್ಲ. ಕ್ರಿಕೆಟ್ ಕಾಮೆಂಟರಿಗೆ ಒಗ್ಗಿದ ನಮ್ಮ ಕಿವಿಗೆ ಇದು ಬಹಳ ನೀರಸ ಪ್ರಸಾರ. ಆದರೆ ಗ್ರಿಡ್ ನೋಡಿಕೊಳ್ಳುವವರಿಗೆ ಏನೂ ಆಗದಿರುವುದೇ ಸಿಕ್ಸರ್.

ಒಂದು ಅಡ್ಡ ಪರಿಣಾಮವನ್ನೂ ಹೇಳಬೇಕು. ಲಿಥುವೇನಿಯಾ ಮತ್ತು ಪೋಲೆಂಡ್ ನಡುವೆ ರಷ್ಯಾದ್ದೇ ಒಂದು ತುಂಡು ಇದೆ, ಕಲಿನಿನ್‌ಗ್ರಾಡ್. ಈ ದೇಶಗಳು ಕಳಚಿಕೊಂಡಾಗ ಅದೂ ತನ್ನ ತಾಯ್ನೆಲದ ಗ್ರಿಡ್ಡಿನಿಂದ ಬೇರ್ಪಟ್ಟಿತು. ಹೀಗಾಗಬಹುದೆಂದು ರಷ್ಯಾ ಮೊದಲೇ ಅಲ್ಲಿ ಸ್ಥಾವರಗಳನ್ನು ಕಟ್ಟಿಟ್ಟಿತ್ತು. ಅದೀಗ ಒಂಟಿ.

ಹೊಸ ಮೇಳವೇನು ಸ್ವರ್ಗವೇ? ಅಲ್ಲ. 2018ರಲ್ಲಿ ಸೆರ್ಬಿಯಾ-ಕೊಸೊವೋ ಜಗಳದಿಂದ ಇದೇ ಯುರೋಪಿನ ಜಾಲಕ್ಕೆ ಸೇರಬೇಕಾದಷ್ಟು ಕರೆಂಟು ಸೇರದೆ, ಜನವರಿಯಿಂದ ಮಾರ್ಚ್‌ವರೆಗೆ ಲಯ ಕೂದಲೆಳೆಯಷ್ಟು ನಿಧಾನವಾಯಿತು. ಆ ಐವತ್ತನ್ನೇ ಎಣಿಸಿ ಸಮಯ ತೋರಿಸುವ ಓವನ್ ಗಡಿಯಾರ, ಅಲಾರಂ ಗಡಿಯಾರಗಳು ಖಂಡದ ತುಂಬ ಸುಮಾರು ಆರು ನಿಮಿಷ ಹಿಂದೆ ಬಿದ್ದವು! ಎಲ್ಲೋ ಬಾಲ್ಕನ್ ಜಗಳ, ಇನ್ನೆಲ್ಲೋ ಜರ್ಮನಿಯವನಿಗೆ ಆಫೀಸಿಗೆ ತಡ. 2025ರ ಏಪ್ರಿಲ್ 28ರಂದು ಸ್ಪೇನ್, ಪೋರ್ಚುಗಲ್ ಪೂರ್ತಿ ಕತ್ತಲಾದವು. ಅವೂ ಇದೇ ಮೇಳದವು. ಖಂಡದ ಉಳಿದ ಭಾಗದೊಂದಿಗೆ ಅವುಗಳ ಜೋಡಣೆ ತೆಳು ಎಂಬ ದೂರು ಹಳೆಯದು. ಮತ್ತೆ ಬೆಳಕು ತರುವಾಗ ಫ್ರಾನ್ಸ್ ಮತ್ತು ಮೊರೊಕ್ಕೋ ಕಡೆಯ ಲೈನುಗಳೇ ಕೈಹಿಡಿದವು.

ನನ್ನ ಅನಿಸಿಕೆ ಕೇಳಿದರೆ, ಲಿಥುವೇನಿಯಾ ಸ್ವಾವಲಂಬಿ ಆಯಿತು ಎಂದು ಪತ್ರಿಕೆಗಳಲ್ಲಿ ಬರೆದದ್ದು ಪೂರ್ತಿ ಸರಿಯಲ್ಲ. ಅದು ಅವಲಂಬನೆಯನ್ನು ಹಂಚಿಕೊಂಡಿತು. ಸ್ವೀಡನ್ನಿಗೆ ಒಂದು ಪಾಲು, ಪೋಲೆಂಡಿಗೆ ಒಂದು, ಲಾಟ್ವಿಯಾ-ಎಸ್ಟೋನಿಯಾ ಮೂಲಕ ಫಿನ್ಲೆಂಡಿಗೆ ಒಂದು. ತನ್ನ ನೆಲದ ಗಾಳಿ, ಬಿಸಿಲಿಗೂ ಒಂದು, ಅದೀಗ ವೇಗವಾಗಿ ಬೆಳೆಯುತ್ತಿದೆ. ಆದರೆ ಖಂಡದ ಲಯಕ್ಕೆ ಕಟ್ಟಿರುವ ನೊಗ ಮಾತ್ರ ಸದ್ಯಕ್ಕೆ ಒಂದೇ, ಅಲಿಟುಸ್‌ನದು. ಅದಕ್ಕೀಗ ಪಹರೆ ಹಾಕಿದ್ದಾರೆ.

ತುಂಡಾಗಿದ್ದ ಕೇಬಲ್ ರಿಪೇರಿಯಾಗಿ ಮತ್ತೆ ಕೆಲಸ ಶುರುಮಾಡಿದ್ದು 2025ರ ಜೂನ್‌ನಲ್ಲಿ. ಹಡಗಿನ ಅಧಿಕಾರಿಗಳ ಮೇಲಿನ ಮೊಕದ್ದಮೆಯನ್ನು ಹೆಲ್ಸಿಂಕಿಯ ಜಿಲ್ಲಾ ನ್ಯಾಯಾಲಯ ಅಕ್ಟೋಬರ್‌ನಲ್ಲಿ ಕೈಬಿಟ್ಟಿತು. ಘಟನೆ ನಡೆದದ್ದು ಫಿನ್ಲೆಂಡಿನ ಕಡಲಗಡಿಯ ಆಚೆ, ಹಾಗಾಗಿ ವಿಚಾರಣೆ ತನ್ನ ವ್ಯಾಪ್ತಿಗೆ ಬಾರದು ಎಂದು. ಲಿಥುವೇನಿಯಾ ಮತ್ತು ಪೋಲೆಂಡ್ ನಡುವೆ ಇನ್ನೊಂದು ಜೋಡಣೆಯ ಯೋಜನೆಯಿದೆ, 'ಹಾರ್ಮನಿ ಲಿಂಕ್' ಅಂತ. ಅದನ್ನು ಮೊದಲು ಸಮುದ್ರದಡಿಯಲ್ಲಿ ಹಾಸುವ ಲೆಕ್ಕವಿತ್ತು. ಖರ್ಚು ಏರಿತು, ಅಷ್ಟರಲ್ಲಿ ಲಂಗರುಗಳ ಕಥೆಯೂ ಬಂತು. ಈಗ ಅದನ್ನು ನೆಲದ ಮೇಲೆ, ಹೊಸ ರೈಲು ಮಾರ್ಗದ ಜತೆಜತೆಗೇ ಒಯ್ಯಲು ತೀರ್ಮಾನಿಸಿದ್ದಾರೆ.